ಅಭಿಮಾನಿಗಳು ಬರೆದ ಇತಿಹಾಸ: ‘ದಿ ಇಮ್ಮಾರ್ಟಲ್ ಸ್ಟಾರ್ಮ್’ ಗ್ರಂಥದ ಪರಿಶೀಲನೆ

ಒಂದು ಸಣ್ಣ ಸಮುದಾಯ ತನ್ನ ಇತಿಹಾಸವನ್ನು ತಾನೇ ಬರೆದುಕೊಂಡಾಗ ಆ ಬರಹವನ್ನು ಚರಿತ್ರಕಾರನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಹಳೆಯ ಪ್ರಶ್ನೆ. ಮಠಗಳ ಗುರುಪರಂಪರೆ, ಮನೆತನಗಳ ವಂಶಾವಳಿ, ಊರುಗಳ ಕೈಫಿಯತ್ತು, ಇವುಗಳನ್ನು ಪರೀಕ್ಷಿಸುವ ಕ್ರಮ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾಗಿಯೇ ಇದೆ. ಅದೇ ಕ್ರಮವನ್ನು ತೀರ ಭಿನ್ನವಾದ ಒಂದು ಗ್ರಂಥಕ್ಕೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ವಿಜ್ಞಾನಕಥೆಗಳನ್ನು ಓದಿ, ಆ ಓದಿನ ನೆಪದಲ್ಲಿ ರಾಜಕೀಯ, ಅರ್ಥವ್ಯವಸ್ಥೆ, ಅಂತರಿಕ್ಷಯಾನ ಮೊದಲಾದ ಸಕಲ ವಿಷಯಗಳನ್ನೂ ಚರ್ಚಿಸಿದ ತರುಣರ ಕಥೆ ಅದು. ಅದನ್ನು ಬರೆದವರು ಸ್ಯಾಮ್ ಮಾಸ್ಕೊವಿಟ್ಜ್. ಪುಸ್ತಕರೂಪದಲ್ಲಿ ಹೊರಬಂದುದು ೧೯೫೪ರಲ್ಲಿ. ಹೆಸರು ‘ದಿ ಇಮ್ಮಾರ್ಟಲ್ ಸ್ಟಾರ್ಮ್’, ಎಂದರೆ ಅಮರವಾದ ಬಿರುಗಾಳಿ. ಹೆಸರಿನ ಆಡಂಬರವನ್ನು ಕಂಡು ನಗುವವರು ನಗಲಿ. ಗ್ರಂಥವನ್ನು ಮಾತ್ರ ನಕ್ಕು ಬದಿಗಿಡುವಂತಿಲ್ಲ.

ಈ ಸಮುದಾಯ ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು. ಲಕ್ಸೆಂಬರ್ಗಿನಿಂದ ವಲಸೆ ಬಂದಿದ್ದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು ೧೯೨೬ರ ಏಪ್ರಿಲಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕೇವಲ ವಿಜ್ಞಾನಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆ ಅದು. ಅದರಲ್ಲಿ ವಾಚಕರ ಪತ್ರಗಳಿಗೆ ಒಂದು ವಿಭಾಗವಿತ್ತು. ಪತ್ರದ ಕೆಳಗೆ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಈ ಒಂದು ಅಚ್ಚಿನ ವಾಡಿಕೆಯೇ ಎಲ್ಲಕ್ಕೂ ಬೀಜವಾಯಿತು. ಚಿಕಾಗೋದ ಹುಡುಗನೊಬ್ಬನ ಪತ್ರವನ್ನು ಓದಿದ ಬ್ರೂಕ್ಲಿನ್ನಿನ ಹುಡುಗ ಸಂಪಾದಕರ ಹಂಗಿಲ್ಲದೆ ಅವನಿಗೆ ನೇರವಾಗಿ ಉತ್ತರ ಬರೆಯುವುದು ಸಾಧ್ಯವಾಯಿತು. ಪತ್ರವ್ಯವಹಾರ ಬೆಳೆದು ಸಂಘಗಳಾದುವು. ಸಂಘಗಳಿಂದ ಸೈಕ್ಲೋಸ್ಟೈಲ್ ಮಾಡಿದ ಪುಟ್ಟ ಪತ್ರಿಕೆಗಳು ಹೊರಟವು. ೧೯೩೦ರಲ್ಲಿ ಬಂದ ‘ದಿ ಕಾಮೆಟ್’ ಇಂಥವುಗಳಲ್ಲಿ ಮೊದಲಿನದೆಂದು ಎಣಿಸುತ್ತಾರೆ. ನಮ್ಮ ಕಾಲೇಜುಗಳ ವಿದ್ಯಾರ್ಥಿನಿಲಯಗಳಲ್ಲಿ ನಡೆದುಬಂದ ಕೈಬರಹದ ಪತ್ರಿಕೆಗಳನ್ನು ಬಲ್ಲವರಿಗೆ ಇವುಗಳ ಸ್ವರೂಪವನ್ನು ವಿವರಿಸಿ ಹೇಳಬೇಕಾದುದಿಲ್ಲ. ವ್ಯತ್ಯಾಸವಿಷ್ಟೆ: ಇವು ಅಂಚೆಯ ಮೂಲಕ ಇಡೀ ದೇಶವನ್ನು ಸುತ್ತುತ್ತಿದ್ದುವು, ಇವುಗಳಲ್ಲಿ ಜಗಳವಿಲ್ಲದ ಸಂಚಿಕೆ ಅಪರೂಪವಾಗಿತ್ತು.

ಮಾಸ್ಕೊವಿಟ್ಜ್ ಅವರ ಗ್ರಂಥ ಈ ಜಗಳಗಳ ಬಖೈರು. ಅದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಯಾವ ಪತ್ರಿಕೆ ಯಾವ ತಿಂಗಳು ಹೊರಟಿತು, ಯಾವ ಸಂಘ ಯಾರ ಕೋಪದಿಂದ ಒಡೆಯಿತು, ಯಾವ ಸಭೆಯಲ್ಲಿ ಯಾರು ಎದ್ದು ಹೋದರು ಎಂಬುದನ್ನೆಲ್ಲ ಗ್ರಂಥಕರ್ತರು ತಾವೇ ಕೂಡಿಟ್ಟ ಪತ್ರಿಕೆಗಳ ಆಧಾರದಿಂದ ಸಾಲಾಗಿ ಕೊಟ್ಟಿದ್ದಾರೆ. ಹದಿನೆಂಟು ಇಪ್ಪತ್ತು ವರ್ಷದ ಹುಡುಗರ ಕೂಟಗಳನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ ಇನ್ನೊಂದು ಗ್ರಂಥವನ್ನು ನಾವು ಕಂಡಿಲ್ಲ. ಆದರೆ ಪ್ರಮಾಣದ ಅರಿವು ಗ್ರಂಥಕರ್ತರಿಗೆ ಕಡಿಮೆ. ಹತ್ತು ಜನರ ಸಂಘದ ಚುನಾವಣೆಯನ್ನು ಸಾಮ್ರಾಜ್ಯಗಳ ಪತನವನ್ನು ವರ್ಣಿಸುವ ಧಾಟಿಯಲ್ಲಿ ವರ್ಣಿಸುತ್ತಾರೆ. ಇದಕ್ಕಿಂತಲೂ ಮುಖ್ಯವಾದ ತೊಡಕು ಬೇರೆಯಿದೆ. ಕಥೆಯ ಶಿಖರವಾದ ೧೯೩೯ರ ನ್ಯೂಯಾರ್ಕ್ ಸಮ್ಮೇಳನದ ಅಧ್ಯಕ್ಷರು ಸ್ವತಃ ಗ್ರಂಥಕರ್ತರೇ. ತಮ್ಮನ್ನು ಪ್ರಥಮ ಪುರುಷದಲ್ಲಿ, ಬೇರೊಬ್ಬ ಪಾತ್ರವೆಂಬಂತೆ, ಹೆಸರಿಸಿಕೊಂಡು ಹೋಗುವುದರಿಂದ ಎಚ್ಚರವಿಲ್ಲದ ಓದುಗನಿಗೆ ಇದು ಮರೆತೇಹೋಗುತ್ತದೆ. ವಾದಿಯೇ ತೀರ್ಪನ್ನೂ ಬರೆದಿದ್ದಾನೆಂಬುದನ್ನು ನಾವು ಮರೆಯುವಂತಿಲ್ಲ.

ವಿವಾದದ ಸಂಗತಿ ಇಂತಿದೆ. ೧೯೩೭ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಒಂದು ಸಣ್ಣ ಸಭೆಯಲ್ಲಿ ಜಾನ್ ಮಿಶೆಲ್ ಎಂಬ ತರುಣ ಬರೆದ ಭಾಷಣವನ್ನು ಡೊನಾಲ್ಡ್ ವೊಲ್‌ಹೈಮ್ ಓದಿದರು. ಫ್ಯಾಸಿಸಂ ಜಗತ್ತನ್ನು ನುಂಗುತ್ತಿರುವಾಗ ವಿಜ್ಞಾನಕಥೆಯ ಅಭಿಮಾನಿಗಳು ಕಥೆಗಳ ಗುಣದೋಷವನ್ನು ಎಣಿಸುತ್ತ ಕೂರಬಾರದು. ವಿಜ್ಞಾನದ ತಳಹದಿಯ ಮೇಲೆ ಕಟ್ಟಿದ ಸಮತಾಸಮಾಜಕ್ಕಾಗಿ ದುಡಿಯಬೇಕು ಎಂಬುದು ಅದರ ತಾತ್ಪರ್ಯ. ಸಭೆ ಆ ನಿರ್ಣಯವನ್ನು ತಳ್ಳಿಹಾಕಿತು. ಮರುವರ್ಷ ಮಿಶೆಲ್, ವೊಲ್‌ಹೈಮ್, ಫ್ರೆಡರಿಕ್ ಪೋಲ್ ಮೊದಲಾದವರು ‘ಫ್ಯೂಚೂರಿಯನ್’ ಎಂಬ ಸಂಘವನ್ನು ಕಟ್ಟಿದರು. ೧೯೩೯ರ ಜುಲೈ ೨ರಂದು ನ್ಯೂಯಾರ್ಕಿನಲ್ಲಿ ಮೊದಲ ವಿಶ್ವಸಮ್ಮೇಳನ ನೆರೆದಾಗ, ಗಲಭೆಯೆಬ್ಬಿಸುವರೆಂಬ ಶಂಕೆಯಿಂದ ಇವರಲ್ಲಿ ಆರು ಮಂದಿಯನ್ನು ಬಾಗಿಲಲ್ಲೇ ತಡೆದರು: ವೊಲ್‌ಹೈಮ್, ಮಿಶೆಲ್, ಪೋಲ್, ರಾಬರ್ಟ್ ಲೌಂಡ್ಸ್, ಸಿರಿಲ್ ಕಾರ್ನ್‌ಬ್ಲೂತ್, ಜ್ಯಾಕ್ ಗಿಲೆಸ್ಪಿ. ಕಾರ್ನ್‌ಬ್ಲೂತ್ ಆಗ ಹದಿನಾರರ ಆಸುಪಾಸಿನ ಹುಡುಗ. ಅದೇ ಸಂಘದ ಐಸಾಕ್ ಅಸಿಮೋವ್ ಮಾತ್ರ ಅಡ್ಡಿಯಿಲ್ಲದೆ ಒಳಗೆ ಹೋದರು.

ತಡೆಯುವುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಸಭಾಂಗಣದಲ್ಲಿ ಸಿಕ್ಕಿದ ಹಳದಿ ರಕ್ಷಾಪುಟದ ಕಿರುಹೊತ್ತಗೆ. ಸಮ್ಮೇಳನದ ವ್ಯವಸ್ಥಾಪಕರು ಸರ್ವಾಧಿಕಾರ ನಡೆಸುತ್ತಿದ್ದಾರೆ ಎಂದು ಅದು ಎಚ್ಚರಿಸುತ್ತಿತ್ತು. ಅದನ್ನು ಬರೆದು ಹೊರಡಿಸಿದವರು ಡೇವ್ ಕೈಲ್. ಆತನನ್ನು ಯಾರೂ ತಡೆಯಲಿಲ್ಲ; ಆತ ಸಭೆಯೊಳಗೆ ಕುಳಿತಿದ್ದ! ದಶಕಗಳು ಕಳೆದ ಮೇಲೆ ಕೈಲ್ ಅವರೇ ಈ ಸಂಗತಿಯನ್ನು ವಿವರವಾಗಿ ಬರೆದರು. ಒಂದು ಬಹಿಷ್ಕಾರದ ಆಧಾರಪತ್ರ ಬಹಿಷ್ಕೃತರ ಕೈಯದಲ್ಲವೆಂದ ಮೇಲೆ ಮಾಸ್ಕೊವಿಟ್ಜ್ ಅವರ ನಿರೂಪಣೆಯ ಬಲ ಎಷ್ಟು ಕುಗ್ಗುವುದೆಂಬುದನ್ನು ವಾಚಕರೇ ತೂಗಿ ನೋಡಬಹುದು.

ಹಾಗೆಂದು ಎದುರು ಪಕ್ಷದ ಬರಹಗಳನ್ನು ಕಣ್ಣುಮುಚ್ಚಿ ಒಪ್ಪುವುದೂ ಸಲ್ಲದು. ಡೇಮನ್ ನೈಟ್ ಅವರ ‘ದಿ ಫ್ಯೂಚೂರಿಯನ್ಸ್’ ೧೯೭೭ರಲ್ಲಿ ಬಂದಿತು. ಬರವಣಿಗೆ ಸೊಗಸಾಗಿದೆ, ವ್ಯಕ್ತಿಚಿತ್ರಗಳು ಜೀವಂತವಾಗಿವೆ. ಆದರೆ ನೈಟ್ ನ್ಯೂಯಾರ್ಕಿಗೆ ಬಂದು ಆ ಗುಂಪನ್ನು ಸೇರಿದುದು ೧೯೪೧ರಲ್ಲಿ. ಬಾಗಿಲ ಬಳಿ ನಡೆದುದಕ್ಕೆ ಅವರು ಸಾಕ್ಷಿಯಲ್ಲ. ಸಾಕ್ಷಿಗಳಿಂದ ಕೇಳಿ ಬರೆದವರು. ಮರುವರ್ಷ ಪ್ರಕಟವಾದ ಪೋಲ್ ಅವರ ಆತ್ಮಕಥೆ ‘ದಿ ವೇ ದಿ ಫ್ಯೂಚರ್ ವಾಸ್’ ನಮ್ಮ ಅಭಿಪ್ರಾಯದಲ್ಲಿ ಈ ಮೂರರಲ್ಲಿ ಹೆಚ್ಚು ವಿಶ್ವಾಸಾರ್ಹ. ಕಾರಣವಿಷ್ಟೆ: ತಾವು ಇತರ ಅಭಿಮಾನಿಗಳಿಗಿಂತ ಮೇಲೆಂಬ ಅಹಂಕಾರವನ್ನು ತಮ್ಮ ಗುಂಪು ಮುಚ್ಚಿಡಲಿಲ್ಲವೆಂದೂ ಅದು ಇತರರನ್ನು ಕೆರಳಿಸಿತೆಂದೂ ಪೋಲ್ ಒಪ್ಪುತ್ತಾರೆ. ತನಗೆ ಪ್ರತಿಕೂಲವಾದುದನ್ನು ತಾನೇ ಹೇಳುವ ಸಾಕ್ಷಿಗೆ ಹೆಚ್ಚು ಬೆಲೆ ಕೊಡುವುದು ನಮ್ಮ ಶಾಸ್ತ್ರದ ಪದ್ಧತಿ. ತಾವು ಯುವ ಕಮ್ಯುನಿಸ್ಟ್ ಸಂಘದಲ್ಲಿದ್ದುದನ್ನೂ ಅವರು ಮರೆಮಾಚುವುದಿಲ್ಲ. ೧೯೩೯ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟವೂ ಹಿಟ್ಲರನ ಜರ್ಮನಿಯೂ ಒಪ್ಪಂದಕ್ಕೆ ರುಜು ಹಾಕಿದ ಮೇಲೆ ಆ ನಂಟು ಕಡಿಯಿತು.

ಆದರೆ ಸಾಕ್ಷ್ಯದ ಈ ಲೋಪಗಳಿಗಿಂತ ದೊಡ್ಡದಾದ ಆಕ್ಷೇಪಣೆಯೊಂದು ನಮ್ಮಲ್ಲಿದೆ. ರಾಜಕೀಯವೆಂಬುದು ವಿಜ್ಞಾನಕಥೆಯ ಶುದ್ಧ ಮಂದಿರಕ್ಕೆ ಹೊರಗಿನಿಂದ ಮಿಶೆಲ್‌ನ ಗುಂಪು ತಂದ ಸೋಂಕು ಎಂಬ ಭಾವನೆ ಗ್ರಂಥದುದ್ದಕ್ಕೂ ಹರಿದಿದೆ. ಇದು ಒಪ್ಪತಕ್ಕ ಮಾತಲ್ಲ. ಆ ಸೋಂಕು ಪತ್ರಿಕಾ ಕಚೇರಿಯೊಳಗೇ ಇತ್ತೆನ್ನಲು ಡೇವಿಡ್ ಲಾಸರ್ ಅವರ ಜೀವನವೊಂದೇ ಸಾಕು. ಗರ್ನ್ಸ್‌ಬ್ಯಾಕ್ ೧೯೨೯ರಲ್ಲಿ ದಿವಾಳಿಯಾಗಿ ಅದೇ ವರ್ಷ ಹೊಸ ಪತ್ರಿಕೆಗಳನ್ನು ತೆರೆದಾಗ ಅವುಗಳ ವ್ಯವಸ್ಥಾಪಕ ಸಂಪಾದಕರಾದವರು ಲಾಸರ್. ೧೯೩೦ರ ಏಪ್ರಿಲಿನಲ್ಲಿ ಆ ಪತ್ರಿಕೆಯ ಲೇಖಕರನ್ನೇ ಕೂಡಿಸಿಕೊಂಡು ನ್ಯೂಯಾರ್ಕಿನಲ್ಲಿ ‘ಅಮೆರಿಕನ್ ಇಂಟರ್‌ಪ್ಲಾನೆಟರಿ ಸೊಸೈಟಿ’ಯನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷರಾದರು. ೧೯೩೧ರಲ್ಲಿ ರಾಕೆಟ್ಟಿನ ಮೂಲಕ ಗ್ರಹಯಾನ ಸಾಧ್ಯವೆಂಬುದನ್ನು ಪ್ರತಿಪಾದಿಸುವ ‘ದಿ ಕಾಂಕ್ವೆಸ್ಟ್ ಆಫ್ ಸ್ಪೇಸ್’ ಎಂಬ ಪುಸ್ತಕವನ್ನು ಬರೆದರು. ಇಂಗ್ಲೆಂಡಿನ ಬಾಲಕ ಆರ್ಥರ್ ಕ್ಲಾರ್ಕ್‌ನ ಮನಸ್ಸನ್ನು ಅಂತರಿಕ್ಷದ ಕಡೆಗೆ ತಿರುಗಿಸಿದುದು ಈ ಪುಸ್ತಕ. ಅದೇ ಹೊತ್ತಿಗೆ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡವರನ್ನು ಸಂಘಟಿಸುವುದರಲ್ಲಿಯೂ ಲಾಸರ್ ತೊಡಗಿದ್ದರು. ೧೯೩೩ರಲ್ಲಿ ಈ ಕಾರಣದಿಂದಲೇ ಗರ್ನ್ಸ್‌ಬ್ಯಾಕ್ ಅವರನ್ನು ಕೆಲಸದಿಂದ ಬಿಡಿಸಿದರು. ಮುಂದೆ ಅವರು ನಿರುದ್ಯೋಗಿಗಳ ರಾಷ್ಟ್ರಸಂಸ್ಥೆಯಾದ ‘ವರ್ಕರ್ಸ್ ಅಲಯನ್ಸ್’ನ ಅಧ್ಯಕ್ಷರಾದರು. ಚಂದ್ರಲೋಕವನ್ನೂ ಕೂಲಿಯ ಸಾಲನ್ನೂ ಒಂದೇ ತಲೆ ಚಿಂತಿಸುತ್ತಿತ್ತು.

ಗರ್ನ್ಸ್‌ಬ್ಯಾಕ್ ಅವರಾದರೂ ಅರ್ಥಶಾಸ್ತ್ರದಿಂದ ದೂರವಿದ್ದವರಲ್ಲ. ಬೆಲೆಯ ವ್ಯವಸ್ಥೆಯನ್ನು ತೆಗೆದುಹಾಕಿ, ಶಕ್ತಿಯ ಪ್ರಮಾಣದಿಂದ ವಸ್ತುಗಳನ್ನಳೆದು, ರಾಜ್ಯವನ್ನು ಯಂತ್ರಶಿಲ್ಪಿಗಳ ಕೈಗೆ ಕೊಡಬೇಕೆಂಬ ‘ಟೆಕ್ನಾಕ್ರಸಿ’ ವಾದ ೧೯೩೩ರಲ್ಲಿ ಅಬ್ಬರಿಸಿದಾಗ ಅದಕ್ಕೆಂದೇ ಒಂದು ಪತ್ರಿಕೆಯನ್ನು ಅವರು ಹೊರಡಿಸಿದರು. ಅದು ಎರಡು ಸಂಚಿಕೆಗಳಿಗೆ ನಿಂತಿತು ಎಂಬುದು ಬೇರೆ ಮಾತು. ಹೀಗಿರುವಲ್ಲಿ ೧೯೩೯ರ ವ್ಯವಸ್ಥಾಪಕರು ‘ರಾಜಕೀಯ ಬೇಡ’ ಎಂದುದರ ಅರ್ಥ ‘ನಿಮ್ಮ ರಾಜಕೀಯ ಬೇಡ’ ಎಂದಷ್ಟೇ ಆಗುತ್ತದೆ. ಸಮ್ಮೇಳನಕ್ಕೆ ‘ವಿಶ್ವ’ ಎಂಬ ವಿಶೇಷಣ ಬಂದುದು ಅದೇ ವರ್ಷ ನ್ಯೂಯಾರ್ಕಿನಲ್ಲಿ ನಡೆದ ವಿಶ್ವಪ್ರದರ್ಶನದಿಂದ. ನಾಳಿನ ಜಗತ್ತನ್ನು ತೋರಿಸುವೆವೆಂದು ದೊಡ್ಡ ಉದ್ಯಮಸಂಸ್ಥೆಗಳು ಅಲ್ಲಿ ಮಂಟಪಗಳನ್ನು ಕಟ್ಟಿದ್ದುವು. ಏಪ್ರಿಲ್ ೩೦ರ ಪ್ರಾರಂಭೋತ್ಸವದಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಭಾಷಣ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ನಾಳೆಯನ್ನು ಯಾರು ಮಾರಬೇಕು, ಯಾರಿಗೆ ಮಾರಬೇಕು ಎಂಬುದಕ್ಕಿಂತ ದೊಡ್ಡ ರಾಜಕೀಯ ಪ್ರಶ್ನೆ ಆ ಊರಿನಲ್ಲಿ ಆಗ ಇದ್ದಿತೇ?

ಆ ಪ್ರಶ್ನೆಗೆ ಉತ್ತರ ಬಂದುದು ಬಾಗಿಲಲ್ಲಿ ತಡೆಯಲ್ಪಟ್ಟ ಇಬ್ಬರಿಂದಲೇ. ಪೋಲ್ ಮತ್ತು ಕಾರ್ನ್‌ಬ್ಲೂತ್ ಸೇರಿ ಬರೆದ ‘ದಿ ಸ್ಪೇಸ್ ಮರ್ಚಂಟ್ಸ್’ ೧೯೫೨ರಲ್ಲಿ ‘ಗ್ಯಾಲಕ್ಸಿ’ ಪತ್ರಿಕೆಯಲ್ಲಿ ಬೇರೊಂದು ಹೆಸರಿನಿಂದ ಧಾರಾವಾಹಿಯಾಗಿ ಬಂದು ೧೯೫೩ರಲ್ಲಿ ಪುಸ್ತಕವಾಯಿತು. ಜಾಹೀರಾತು ಸಂಸ್ಥೆಗಳೇ ಜಗತ್ತನ್ನಾಳುವ ಕಾಲ. ಸೆನೆಟ್ಟಿನ ಸದಸ್ಯರು ರಾಜ್ಯಗಳ ಪ್ರತಿನಿಧಿಗಳಲ್ಲ, ಕಂಪೆನಿಗಳ ಪ್ರತಿನಿಧಿಗಳು. ವಾಸಕ್ಕೆ ಯೋಗ್ಯವಲ್ಲದ ಶುಕ್ರಗ್ರಹಕ್ಕೆ ಜನ ತಾವಾಗಿ ಹೊರಡುವಂತೆ ಆಸೆ ಹುಟ್ಟಿಸುವುದು ನಾಯಕನ ಕೆಲಸ. ಆತ ಗುರುತು ಕಳೆದುಕೊಂಡು ಕೂಲಿಯಾಗಿ ದುಡಿಯಬೇಕಾದಾಗ, ಬಂದ ಕೂಲಿಗಿಂತ ಕಂಪೆನಿಯ ಅಂಗಡಿಯ ಸಾಲ ಸದಾ ಒಂದು ಹೆಜ್ಜೆ ಮುಂದೆಯೇ ಇರುತ್ತದೆ. ಜೀತವನ್ನು ಬಲ್ಲ ನಮ್ಮ ದೇಶದ ಓದುಗನಿಗೆ ಈ ಭಾಗ ಕಲ್ಪನೆಯೆಂದು ತೋರುವುದೇ ಇಲ್ಲ. ಪೋಲ್ ಜಾಹೀರಾತಿನ ಬರಹಗಾರರಾಗಿ ಕೆಲಸ ಮಾಡಿದ್ದವರು; ಆ ವೃತ್ತಿಯ ಒಳಗುಟ್ಟು ಪುಟಪುಟದಲ್ಲಿಯೂ ಕಾಣುತ್ತದೆ. ಕಥೆಯ ಕೊನೆಯ ಭಾಗ ಅವಸರದ್ದು, ಪ್ರೇಮಪ್ರಸಂಗ ಸಪ್ಪೆ. ಆದರೂ ಮಿಶೆಲ್‌ನ ಭಾಷಣ ಘೋಷಣೆಯಾಗಿ ಕೂಗಿದುದನ್ನು ಈ ಕಾದಂಬರಿ ಅನುಭವವಾಗಿ ಮುಟ್ಟಿಸುತ್ತದೆ.

ಮುಂದಿನ ಎರಡು ಪ್ರಸಂಗಗಳು ಮಾಸ್ಕೊವಿಟ್ಜ್ ಅವರ ಗ್ರಂಥದ ವ್ಯಾಪ್ತಿಗೆ ಹೊರಗಿನವು. ಆದರೂ ನಮ್ಮ ಆಕ್ಷೇಪಣೆಗೆ ಪೋಷಕವಾದುದರಿಂದ ಹೇಳುತ್ತೇವೆ. ೧೯೬೮ರ ಜೂನ್ ತಿಂಗಳ ‘ಗ್ಯಾಲಕ್ಸಿ’ಯಲ್ಲಿ ವಿಯೆಟ್ನಾಂ ಯುದ್ಧವನ್ನು ಕುರಿತು ಎರಡು ಜಾಹೀರಾತುಗಳು ಎದುರುಬದುರು ಪುಟಗಳಲ್ಲಿ ಅಚ್ಚಾದುವು. ಯುದ್ಧದ ಪರವಾಗಿ ೭೨ ಮಂದಿಯ ಹೆಸರು, ವಿರುದ್ಧವಾಗಿ ೮೨ ಮಂದಿಯ ಹೆಸರು. ರಾಬರ್ಟ್ ಹೈನ್‌ಲೈನ್ ಪರವಾದ ಪಟ್ಟಿಯಲ್ಲಿದ್ದರೆ ಅಸಿಮೋವ್ ವಿರುದ್ಧವಾದ ಪಟ್ಟಿಯಲ್ಲಿದ್ದರು. ವಿರೋಧದ ಪಟ್ಟಿಯನ್ನು ಸಿದ್ಧಪಡಿಸಲು ಮುಂದಾದವರಲ್ಲಿ ಹಿಂದೆ ಫ್ಯೂಚೂರಿಯನ್ ಗುಂಪಿನಲ್ಲಿದ್ದ ಜ್ಯೂಡಿತ್ ಮೆರಿಲ್ ಒಬ್ಬರು. ಪತ್ರಿಕೆಯ ಸಂಪಾದಕರು ಪೋಲ್. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಒಂದು ಪಕ್ಷವನ್ನು ಹೊರಗಿಟ್ಟು ಉಳಿಸಿಕೊಂಡ ‘ಶಾಂತಿ’ಗಿಂತ ಎರಡೂ ಪಕ್ಷಗಳು ಹೆಸರು ಹಾಕಿ ಎದುರುಬದುರು ನಿಂತ ಈ ಎರಡು ಪುಟಗಳು ನಮಗೆ ಹೆಚ್ಚು ಗೌರವಾರ್ಹವಾಗಿ ಕಾಣುತ್ತವೆ.

ಎರಡನೆಯದು ಟೆಲಿವಿಷನ್ನಿಗೆ ಸಂಬಂಧಿಸಿದುದು. ‘ಸ್ಟಾರ್ ಟ್ರೆಕ್’ ಧಾರಾವಾಹಿ ನಿಂತುಹೋಗುವುದೆಂಬ ವದಂತಿ ಹಬ್ಬಿದಾಗ ಬೀಜೋ ಟ್ರಿಂಬಲ್ ದಂಪತಿಗಳ ನೇತೃತ್ವದಲ್ಲಿ ಅಭಿಮಾನಿಗಳು ಪತ್ರಗಳ ಮಳೆಗರೆದರು. ೧೯೬೮ರ ಮಾರ್ಚ್ ೧ರಂದು ಧಾರಾವಾಹಿ ಮುಂದುವರಿಯುವುದೆಂದು ಪ್ರಸಾರಸಂಸ್ಥೆ ಪರದೆಯ ಮೇಲೆಯೇ ಸಾರಬೇಕಾಯಿತು. ಪತ್ರಗಳೆಷ್ಟು ಎಂಬುದಕ್ಕೆ ಒಂದು ಲಕ್ಷ ಹದಿನಾರು ಸಾವಿರದ ಸುಮಾರಿನಿಂದ ಹತ್ತು ಲಕ್ಷದವರೆಗೆ ಲೆಕ್ಕಗಳಿವೆ; ಅಭಿಮಾನಿಗಳ ಇತಿಹಾಸದಲ್ಲಿ ಸಂಖ್ಯೆಗಳು ಬೆಳೆಯುವ ಪರಿಗೆ ಇದೊಂದು ಮಾದರಿ. ಗೆಲುವು ಒಂದು ವರ್ಷದ್ದು. ೧೯೬೯ರ ಜೂನ್ ೩ರಂದು ಕೊನೆಯ ಹೊಸ ಕಂತು ಪ್ರಸಾರವಾಯಿತು. ನಲವತ್ತೇಳು ದಿನಗಳ ಮೇಲೆ ಮಾನವನು ಚಂದ್ರನ ಮೇಲಿಳಿದ. ೧೯೭೬ರಲ್ಲಿ ಮತ್ತೆ ಪತ್ರಗಳನ್ನು ಬರೆದು, ಮೊದಲ ಅಂತರಿಕ್ಷ ನೌಕೆಗೆ ಇಡಬೇಕೆಂದಿದ್ದ ‘ಕಾನ್‌ಸ್ಟಿಟ್ಯೂಷನ್’ ಎಂಬ ಹೆಸರನ್ನು ತೆಗೆಸಿ ‘ಎಂಟರ್‌ಪ್ರೈಸ್’ ಎಂಬ ಕಥೆಯ ಹೆಸರನ್ನು ಇಡಿಸಿದರು. ಆ ನೌಕೆ ವಾಯುಮಂಡಲದೊಳಗಿನ ಪರೀಕ್ಷೆಗಳಿಗೆ ಮಾತ್ರ ಬಳಕೆಯಾಯಿತು. ಅಂತರಿಕ್ಷಕ್ಕೆ ಒಮ್ಮೆಯೂ ಹೋಗಲಿಲ್ಲ. ಸಂವಿಧಾನದ ಹೆಸರಿಗಿಂತ ಟೆಲಿವಿಷನ್ನಿನ ಹೆಸರು ಒಂದು ಸರ್ಕಾರಕ್ಕೆ ಪ್ರಿಯವಾದುದನ್ನು ರಾಜಕೀಯವಲ್ಲವೆನ್ನಲು ನಮಗೆ ಸಾಧ್ಯವಿಲ್ಲ.

ಮಾಸ್ಕೊವಿಟ್ಜ್ ೧೯೯೭ರಲ್ಲಿ ತೀರಿಕೊಂಡರು. ಪೋಲ್ ೨೦೧೩ರವರೆಗೆ ಬದುಕಿದ್ದು, ೨೦೧೦ರಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಗರ್ನ್ಸ್‌ಬ್ಯಾಕ್ ಅವರ ಹೆಸರನ್ನೇ ಹೊತ್ತ ಹ್ಯೂಗೋ ಪ್ರಶಸ್ತಿಯನ್ನು ಉತ್ತಮ ಅಭಿಮಾನಿ ಲೇಖಕರೆಂದು ಪಡೆದರು. ಗ್ರಂಥದ ಮೂಲಾಧಾರಗಳಂಥ ಆ ಸೈಕ್ಲೋಸ್ಟೈಲ್ ಪತ್ರಿಕೆಗಳು ಈಗ ಅಯೋವಾ ವಿಶ್ವವಿದ್ಯಾನಿಲಯದ ಹೆವೆಲಿನ್ ಸಂಗ್ರಹದಲ್ಲಿಯೂ, ರಿವರ್‌ಸೈಡಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಈಟನ್ ಸಂಗ್ರಹದಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಕೂಡಿವೆ. ಗ್ರಂಥಕರ್ತರು ೧೯೩೭ರಿಂದ ೧೯೩೯ರವರೆಗಿನ ಸಂಗತಿಗಳಿಗೆ ಕೊಟ್ಟಿರುವ ಒಂದೊಂದು ಹೇಳಿಕೆಯನ್ನೂ ಆಯಾ ತಿಂಗಳ ಪತ್ರಿಕೆಯೊಡನೆ ತಾಳೆ ನೋಡುವ ಕೆಲಸವನ್ನು ಕೈಗೊಳ್ಳುವ ಸಂಶೋಧನ ವಿದ್ಯಾರ್ಥಿಗೆ ಎರಡು ಮೂರು ವರ್ಷಗಳ ದುಡಿಮೆ ಅಲ್ಲಿ ಕಾದಿದೆ.