ಹೆಸರು ಹೋದರೂ ಉಳಿಯುವ ಫೈಲು
ಓಡುತ್ತಿರುವ ವರ್ಚುವಲ್ ಮೆಷಿನ್‌ನ ಡಿಸ್ಕ್ ಫೈಲನ್ನು ಲಿನಕ್ಸ್‌ನಲ್ಲಿ ಯಾರೋ ಅಳಿಸಿಬಿಟ್ಟರೆನ್ನಿ. ಹೋಗುವುದು ಹೆಸರು ಮಾತ್ರ. ಮೆಷಿನ್ ಓಡಿಸುವ ತಂತ್ರಾಂಶ ಕ್ಯೂಎಂಯು ಫೈಲನ್ನು ತೆರೆದು ಹಿಡಿದಿರುವಷ್ಟು ಹೊತ್ತೂ ಐನೋಡ್ (ಫೈಲಿನ ವಿವರವಿಡುವ ದಾಖಲೆ), ಅದಕ್ಕೆ ಸೇರಿದ ಅಷ್ಟೂ ಡೇಟಾ ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಹೆಸರನ್ನೂ ಫೈಲನ್ನೂ ಬೇರೆಬೇರೆ ಇಟ್ಟದ್ದು 1970ರ ದಶಕದ ಯುನಿಕ್ಸ್; ಎಂಥ ದೂರದೃಷ್ಟಿ!

‘ಎಲ್‌ಎಸ್‌ಒಎಫ್’ ಎಂಬ, ತೆರೆದ ಫೈಲುಗಳನ್ನು ಪಟ್ಟಿ ಮಾಡುವ ಆಜ್ಞೆ ಕೊಟ್ಟರೆ ಆ ಫೈಲಿನ ಪಕ್ಕ ‘ಡಿಲೀಟೆಡ್’ ಎಂದು ಕಾಣುತ್ತದೆ. ‘ಪ್ರೋಕ್’ ಡೈರೆಕ್ಟರಿಯಲ್ಲಿ ಪ್ರೊಸೆಸ್ ಸಂಖ್ಯೆಯ ಜಾಡು ಹಿಡಿದು ಹೋದರೆ, ತೆರೆದ ಫೈಲುಗಳ ಸಾಲಿನಲ್ಲಿ ಅದೇ ಡಿಸ್ಕ್ ಸಿಗುತ್ತದೆ. ಮೆಷಿನ್ ಅನ್ನು ತಾತ್ಕಾಲಿಕವಾಗಿ ತಡೆದು ನಿಲ್ಲಿಸಿ, ಬೇರೆ ಡಿಸ್ಕಿಗೆ ಸಾಮಾನ್ಯ ನಕಲು ಮಾಡಿಕೊಂಡರಾಯಿತು. ದುಬಾರಿ ತಂತ್ರಾಂಶ ಬೇಡ. ಫೈಲ್‌ಸಿಸ್ಟಮ್ ಕೆದಕಿ ತುಣುಕು ಜೋಡಿಸುವ ಸಾಧನಗಳಿವೆ, ನಿಜ. ಈ ದಾರಿಯ ಅಂದ ಅವಕ್ಕಿಲ್ಲ.

ಗಾಬರಿಯಲ್ಲಿ ಮೆಷಿನ್ ಆಫ್ ಮಾತ್ರ ಮಾಡಬೇಡಿ.