ಸ್ವೆಟರಿನ ಒಳಮಗ್ಗುಲು

ಬ್ರಿಟನ್ನಿಗೆ ಹೊರಟವರಿಗೆ ಬುದ್ಧಿ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ. "ದಪ್ಪ ಸ್ವೆಟರ್ ಮರೀಬೇಡಿ" ಎನ್ನುವುದು ಎಲ್ಲರ ಮೊದಲ ಮಾತು. ಮಗಳು, ಅಳಿಯ, ಮೊಮ್ಮಗಳ ಜೊತೆ ನಾನೂ ನಮ್ಮ ಮನೆಯವರೂ ಒಂದು ಬೇಸಿಗೆ ರಜೆಯಲ್ಲಿ ಯಾರ್ಕ್, ವಿಟ್ಬಿ, ಎಡಿನ್‌ಬರೋ ಸುತ್ತಿ ಬಂದೆವು. ಅಲ್ಲಿಯ ಅಂಗಡಿಗಳಲ್ಲಿ ತೂಗುಹಾಕಿದ ಚಿತ್ರಗಳದ್ದೂ ಇದೇ ಮಾತು. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಂದೇ ನಮೂನೆಯ ಹೆಣೆದ ಅಂಗಿ ತೊಟ್ಟು, ಬೆಚ್ಚಗೆ ನಗುತ್ತಿರುತ್ತಾರೆ. ಚಿತ್ರ ಚೆನ್ನಾಗಿದೆ. ಆದರೆ ಅದು ಅರ್ಧ ಮಾತ್ರ ಹೇಳುತ್ತದೆ ಎಂಬುದು ನನ್ನ ತಕರಾರು.

ಮೊದಲು ಉಡುವ ಮಾತನ್ನೇ ನೋಡೋಣ. ದಪ್ಪಗಿದ್ದದ್ದೆಲ್ಲ ಬೆಚ್ಚಗಿರುವುದಿಲ್ಲ. ಉಣ್ಣೆಯ ಎಳೆ ಗುಂಗುರಾಗಿರುತ್ತದೆ. ಆ ಗುಂಗುರಿನ ಸಂದಿಯಲ್ಲಿ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಕುಣಿಕೆ ಸಡಿಲವಾಗಿದ್ದರೆ ಕಡಲ ಗಾಳಿ ಒಳಗೆ ನುಗ್ಗಿ ಆ ಬಿಸಿಯನ್ನೆಲ್ಲ ಹೊತ್ತೊಯ್ಯುತ್ತದೆ. ಆದ್ದರಿಂದ ಒಂದು ಭಾರದ ಸ್ವೆಟರಿಗಿಂತ ತೆಳ್ಳನೆಯ ಎರಡು, ಅದರ ಮೇಲೊಂದು ಗಾಳಿ ತಡೆಯುವ ಕೋಟು ಮೇಲು. ಎಡಿನ್‌ಬರೋದಲ್ಲಿ ಜುಲೈ ತಿಂಗಳಲ್ಲೂ ಮಧ್ಯಾಹ್ನದ ಬಿಸಿ ಸಾಮಾನ್ಯವಾಗಿ 19 ಡಿಗ್ರಿಯ ಆಸುಪಾಸು. ಹೊರಗೆ ಜಿನುಗು ಮಳೆ, ಹೋಟೆಲಿನೊಳಗೆ ಸೆಕೆ. ದಿನಕ್ಕೆ ಹತ್ತು ಸಲ ಹಾಕಬೇಕು, ತೆಗೆಯಬೇಕು. ಸೀರೆ ಉಡುವ ನಮ್ಮಂಥವರಿಗೆ ತಲೆಯ ಮೇಲಿಂದ ಹಾಕುವ ಸ್ವೆಟರ್ ಶತ್ರುವೇ ಸರಿ; ಜಡೆಯೂ ಕೆದರುತ್ತದೆ, ಸೆರಗೂ ಜಾರುತ್ತದೆ. ಮುಂದೆ ಗುಂಡಿ ಇರುವ ಕಾರ್ಡಿಗನ್ನೇ ನಮಗೆ ಸರಿ. ಆ ಹೆಸರು ಬಂದದ್ದು 1854ರ ಕ್ರಿಮಿಯಾ ಯುದ್ಧದಲ್ಲಿ ಕುದುರೆ ಪಡೆ ನಡೆಸಿದ ಕಾರ್ಡಿಗನ್ ಪ್ರಭುವಿನಿಂದ. ಯುದ್ಧಕ್ಕೆ ಹೋದವನ ಹೆಸರು ಉಡುಪಿಗೆ ಅಂಟಿತು; ಹೆಣೆದವಳ ಹೆಸರು ಯಾವುದಕ್ಕೂ ಅಂಟಲಿಲ್ಲ.

ನನ್ನ ನಿಜವಾದ ತಕರಾರು ಇರುವುದು ಇಲ್ಲೇ. ಈಗ ರಜೆಯ ಸುಖದ ಗುರುತಾಗಿ ಮಾರುವ ಈ ಅಂಗಿಗಳು ಹುಟ್ಟಿದ್ದು ದುಡಿಮೆಗಾಗಿ. ಫ್ರ್ಯಾಂಕ್ ಮೆಡೋ ಸಟ್‌ಕ್ಲಿಫ್ (1853–1941) ವಿಟ್ಬಿಯ ಬೆಸ್ತರ ಫೋಟೋಗಳನ್ನು ತೆಗೆದು ಹೆಸರಾದವರು. ಆ ಬೆಸ್ತರು ತೊಡುತ್ತಿದ್ದ ಗ್ಯಾನ್ಸಿ ಎಂಬ ಅಂಗಿಯನ್ನು ಗಾಳಿ ನುಸುಳದಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು. ಮುಂದೆ ಹಿಂದೆ ಒಂದೇ ರೀತಿ, ಮೊಣಕೈ ಸವೆದರೆ ತಿರುಗಿಸಿ ಹಾಕಬಹುದು. ತೋಳನ್ನು ಹೆಗಲಿನಿಂದ ಮಣಿಕಟ್ಟಿನ ಕಡೆಗೆ ಹೆಣೆಯುತ್ತಿದ್ದರು; ತುದಿ ಹರಿದರೆ ಅಷ್ಟನ್ನೇ ಬಿಚ್ಚಿ ಮತ್ತೆ ಹೆಣೆದರಾಯಿತು. ಎಂಥ ಮನೆವಾರ್ತೆಯ ಬುದ್ಧಿ ನೋಡಿ! ಹೆರಿಂಗ್ ಮೀನಿನ ದೋಣಿಗಳ ಹಿಂದೆ ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿನ ಯಾರ್ಮತ್‌ವರೆಗೆ ಊರೂರು ತಿರುಗಿ ಮೀನು ಸೀಳುತ್ತಿದ್ದ ಹೆಣ್ಣುಮಕ್ಕಳು, ಚಾಕು ತಾಗದಂತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ದುಡಿದು, ಬಿಡುವು ಸಿಕ್ಕ ಕೂಡಲೇ ಹೆಣಿಗೆಯ ಕಡ್ಡಿ ಹಿಡಿಯುತ್ತಿದ್ದರು.

ಶೆಟ್‌ಲೆಂಡ್ ದ್ವೀಪಗಳ ಹೆಂಗಸರು ಉರುವಲಿನ ಬುಟ್ಟಿಯನ್ನು ಬೆನ್ನಿಗೆ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಒಂದು ಕಡ್ಡಿಯನ್ನು ಸಿಕ್ಕಿಸಲು ಸೊಂಟಕ್ಕೆ ತೂತಿನ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಇಷ್ಟು ಮಾಡಿದವರ ಕೈಗೆ ಬಂದದ್ದೇನು? ಅಂಗಡಿಯವರು ಹಣದ ಬದಲು ಚಹಾಪುಡಿ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ಈ ಪದ್ಧತಿಯ ಮೇಲೆ ಸರ್ಕಾರ ವಿಚಾರಣೆ ನಡೆಸಿ, ವರದಿ 1872ರಲ್ಲಿ ಬಂತು. ಅದೇ ದ್ವೀಪಸಮೂಹದ ಫೇರ್ ಐಲ್ ಹೆಸರಿನ ಬಣ್ಣದ ಸ್ವೆಟರನ್ನು 1920ರ ದಶಕದ ಆರಂಭದಲ್ಲಿ ಯುವರಾಜ ಎಡ್ವರ್ಡ್ ಗಾಲ್ಫ್ ಆಡಲು ತೊಟ್ಟ. 1925ರಲ್ಲಿ ಅದನ್ನು ತೊಟ್ಟ ಅವನ ಚಿತ್ರವನ್ನೂ ಬರೆದರು. ಅಲ್ಲಿಂದ ಅದು ಫ್ಯಾಷನ್ನಾಯಿತು.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಶಾಲೆಯ ಸ್ಟಾಫ್ ರೂಮೇ ಕಣ್ಣಮುಂದೆ ಬರುತ್ತಿತ್ತು. ಎಂಬತ್ತರ ದಶಕದಲ್ಲಿ ನಾವೆಲ್ಲ ಬಿಡುವಿನ ಪೀರಿಯಡ್ಡಿನಲ್ಲಿ ಉಲ್ಟಾ, ಸೀದಾ ಎಂದು ಎಣಿಸುತ್ತ ಎಷ್ಟು ಸ್ವೆಟರ್ ಹೆಣೆದೆವೋ! "ಸುಮ್ಮನೆ ಕೂತಾಗ ಮಾಡೋ ಕೆಲಸ ಅಲ್ವಾ" ಎನ್ನುತ್ತಿದ್ದರು ಮನೆಯ ಗಂಡಸರು. ಸುಮ್ಮನೆ ಕೂರುವ ಹೊತ್ತು ನಮಗೆಲ್ಲಿತ್ತು? ಆ ಹೊತ್ತನ್ನೂ ಕೆಲಸಕ್ಕೆ ಹಚ್ಚಿದ್ದೆವು, ಅಷ್ಟೆ. ಪ್ರವಾಸದಲ್ಲೂ ಅಷ್ಟೇ ಆಯಿತು. ಸೆಕೆಯೆಂದು ಎಲ್ಲರೂ ಕಳಚಿದ ಸ್ವೆಟರುಗಳು ಬಂದು ಸೇರುತ್ತಿದ್ದದ್ದು ನನ್ನ ಮತ್ತು ಮಗಳ ತೋಳಿಗೇ. ಅಂಗಡಿಯ ಚಿತ್ರದಲ್ಲಿ ಆ ತೋಳುಗಳು ಕಾಣುವುದಿಲ್ಲ.

ಹಾಗಾದರೆ ಕೊಳ್ಳಬಾರದೇ? ಕೊಳ್ಳಿ, ಆದರೆ ಒಳಮಗ್ಗುಲು ತಿರುಗಿಸಿ ನೋಡಿ ಕೊಳ್ಳಿ. ಫೇರ್ ಐಲ್ ಹೆಣಿಗೆಯಲ್ಲಿ ಒಂದು ಸಾಲಿಗೆ ಎರಡೇ ಬಣ್ಣ. ಮುಂದೆ ಕಾಣದ ಬಣ್ಣದ ಎಳೆ ಹಿಂದೆ ಹಾದು ಹೋಗುತ್ತದೆ. ಹಾಗೆ ಹಾದ ಎಳೆಗಳಿಂದಲೇ ಅಂಗಿಗೆ ಎರಡು ಪದರದ ಬಿಸಿ. ಬರೀ ಅಚ್ಚು ಹಾಕಿದ ಅಗ್ಗದ ನಕಲಿನ ಹಿಂಬದಿ ಬೋಳು. ಎಡಿನ್‌ಬರೋದ ಒಂದು ಅಂಗಡಿಯಲ್ಲಿ ಮೊಮ್ಮಗಳು ಕೊರಳಿನ ಚೀಟಿ ಓದಿ, "ಅಜ್ಜಿ, ಹೇಗೆ ಒಗೀಬೇಕು ಅಂತ ಇದೆ, ಯಾರು ಮಾಡಿದ್ದು ಅಂತ ಇಲ್ವಲ್ಲ" ಎಂದಳು. ಅಂಗಡಿಯಾಕೆಯನ್ನು ಕೇಳಿದೆವು. ಆಕೆಗೂ ಗೊತ್ತಿರಲಿಲ್ಲ. ಆದರೂ ಕೇಳುತ್ತಿರಬೇಕು. ಗಿರಾಕಿಗಳು ಕೇಳದಿದ್ದರೆ ಆ ಚೀಟಿಯಲ್ಲಿ ಹೆಸರು ಬರೆಯುವ ದರ್ದು ಯಾರಿಗಿದೆ?