ಗೋಲು ಕಾಯುವವರ ಮುಂದೆ ನಿಂತವನು

ಫುಟ್‌ಬಾಲಿನಲ್ಲಿ ಡಿಫೆಂಡರ್ ಚೆನ್ನಾಗಿ ಆಡಿದ ದಿನ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಎಡವಿದರೆ ಮಾತ್ರ ಊರೆಲ್ಲ ಸುದ್ದಿ. ಜಪಾನಿನ ಯೂಜಿ ನಕಝಾವಾ ಇಂಥ ಕೆಲಸವನ್ನು ಸುಮಾರು ಇಪ್ಪತ್ತು ವರ್ಷ ಮಾಡಿದರು. ಶಾಲೆ ಮುಗಿಸಿದಾಗ ಯಾವ ಕ್ಲಬ್ಬೂ ಕರೆಯಲಿಲ್ಲ. ಹುಡುಗ ಬ್ರೆಝಿಲ್‌ಗೆ ಹೋಗಿ ಕಲಿತು ಬಂದ.

2004ರ ಏಷ್ಯಾ ಕಪ್ ಸೆಮಿಫೈನಲ್ ನೋಡಿ. ಚೀನಾದ ಜಿನಾನ್‌ನಲ್ಲಿ ಬಹ್ರೇನ್ 3-2ರಿಂದ ಮುಂದಿತ್ತು, ಜಪಾನ್ ಕಡೆ ಉಳಿದದ್ದು ಹತ್ತೇ ಜನ. 90ನೇ ನಿಮಿಷದಲ್ಲಿ ಎದುರಾಳಿಯ ಗೋಲಿನೆದುರು ತಲೆಯೊಡ್ಡಿ ಚೆಂಡನ್ನು ಬಲೆಗೆ ಕಳಿಸಿದ್ದು ಗೋಲು ತಡೆಯಬೇಕಾದ ಇದೇ ನಕಝಾವಾ! ಹೆಚ್ಚುವರಿ ಅವಧಿಯಲ್ಲಿ ಜಪಾನ್ 4-3ರಿಂದ ಗೆದ್ದಿತು, ಮುಂದೆ ಕಪ್ಪನ್ನೂ ಎತ್ತಿತು. ಅದೇ ವರ್ಷ ಜಪಾನಿನ ದೇಶೀ ಟೂರ್ನಿ ಜೆ ಲೀಗ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿಯೂ ಅವರ ಪಾಲಾಯಿತು. ಡಿಫೆಂಡರ್‌ಗಳಿಗೆ ಅಪರೂಪಕ್ಕೆ ಸಿಗುವ ಪ್ರಶಸ್ತಿ ಅದು.

2010ರ ವಿಶ್ವಕಪ್‌ನಲ್ಲಿ ಜೊತೆ ಡಿಫೆಂಡರ್ ಟುಲಿಯೋ ಸಂಗಡ ಅವರು ಕಟ್ಟಿದ ಗೋಡೆ ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು. ಆದರೂ ನನಗೆ ದೊಡ್ಡದೆನಿಸುವುದು ಯೊಕೊಹಾಮಾ ಎಫ್. ಮರಿನೋಸ್ ಕ್ಲಬ್ಬಿಗಾಗಿ ನಲವತ್ತರ ಹೊಸ್ತಿಲವರೆಗೂ, ವರ್ಷಗಟ್ಟಲೆ ಒಂದು ನಿಮಿಷವನ್ನೂ ಬಿಡದೆ ಆಡಿದ್ದು. ದೇಶಕ್ಕಾಗಿ 110 ಪಂದ್ಯ ಆಡಿ 17 ಗೋಲು ಗಳಿಸಿದ ಅವರು 2019ರ ಜನವರಿಯಲ್ಲಿ ನಿವೃತ್ತರಾದರು.